ಅಡ್ಜಸ್ಟ್ ಆಗದ ಪ್ರೊಸೆಸರ್: ತಿಕೋಟಾ ತಾಲ್ಲೂಕಿಗೊಂದು ಮಾರ್ಗಸೂಚಿ

ತಿಕೋಟಾ ತಾಲ್ಲೂಕಿನಲ್ಲಿ ವರ್ಚುವಲ್ ಮಷೀನುಗಳು ಚಾಲೂ ಆಗದಿರುವ ಪ್ರಕರಣಗಳು ಹೆಚ್ಚುತ್ತಿವೆ. ಹೆಚ್ಚುತ್ತಿವೆ ಎಂದರೆ, ಮೊದಲು ಒಂದೂ ಇರಲಿಲ್ಲ, ಈಗ ಒಂದು ಆಗಿದೆ. ಈ ಏರಿಕೆಯನ್ನು ಶೇಕಡಾವಾರು ಹೇಳಲು ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಪರಿಸ್ಥಿತಿ ಎಷ್ಟು ಗಂಭೀರವಾಗಿದೆ ಎಂಬುದನ್ನು ಓದುಗರು ಇದರಿಂದಲೇ ಊಹಿಸಬಹುದು.

ಇಂಥ ಸಂದರ್ಭದಲ್ಲಿ ತಜ್ಞನಾದವನು ಸುಮ್ಮನಿರುವುದು ತರವಲ್ಲ. ಈ ಭಾಗದ ತಜ್ಞ ನಾನೇ. ಈ ಪದವಿಯನ್ನು ನನಗೆ ಯಾರೂ ಕೊಟ್ಟಿಲ್ಲ, ಆದ್ದರಿಂದ ಯಾರಾದರೂ ಕಿತ್ತುಕೊಂಡಾರೆಂಬ ಭಯವೂ ಇಲ್ಲ. ನನ್ನ ಅರ್ಹತೆ ಇಷ್ಟೇ: ಸ್ಕ್ರೀನಿನ ಮೇಲೆ ಏನು ಬರೆದಿದೆಯೋ ಅದನ್ನು ನಾನು ಓದುತ್ತೇನೆ. ಕಂಪ್ಯೂಟರ್ ರಿಪೇರಿಯಲ್ಲಿ ಇದು ಗುರುಮುಖೇನ ಬರುವ ವಿದ್ಯೆಯಲ್ಲ, ಗುರುಗಳಿಗೂ ಬಂದಿರುವುದಿಲ್ಲ.

1. ವಿಷಯ ಪರಿಚಯ

ವರ್ಚುವಲ್ ಮಷೀನ್ ಎಂದರೆ ಒಂದು ಕಂಪ್ಯೂಟರಿನ ಮೇಲೆ ಇನ್ನೊಂದು ಕಂಪ್ಯೂಟರನ್ನು ಸಾಫ್ಟ್‌ವೇರಿನಿಂದಲೇ ನಿಲ್ಲಿಸುವ ಏರ್ಪಾಡು. ದ್ರಾಕ್ಷಿ ಬೆಳೆಗಾರರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ತಿಕೋಟಾ, ಬಬಲೇಶ್ವರ ಭಾಗದ ತೋಟಗಳಲ್ಲಿ ಮಣ್ಣೊಳಗಿನ ಬೇರು ಬಹುಪಾಲು ಡಾಗ್‌ರಿಡ್ಜ್ ಎಂಬ ಕಾಡುಜಾತಿಯದು. ಸವುಳು ನೀರಿಗೂ ಬರಕ್ಕೂ ಜಗ್ಗದ ಆಳು. ಅದರ ಮೇಲೆ ಕಸಿ ಕಟ್ಟುವ ಕಡ್ಡಿ ಥಾಮ್ಸನ್ ಸೀಡ್‌ಲೆಸ್‌ನದು. ಕೆಲಸ ಡಾಗ್‌ರಿಡ್ಜ್‌ನದು, ಹೆಸರು ಥಾಮ್ಸನ್‌ನದು. ಎರಡೂ ದ್ರಾಕ್ಷಿಯ ಕುಲವಾದ್ದರಿಂದ ಕಸಿ ಹತ್ತುತ್ತದೆ. ಅದೇ ಕಡ್ಡಿಯನ್ನು ಬದುವಿನ ಬೇವಿನ ಮರಕ್ಕೆ ಕಟ್ಟಿದರೆ ಎಷ್ಟೇ ಬಿಗಿಯಾಗಿ ಪಟ್ಟಿ ಸುತ್ತಿದರೂ ಹತ್ತುವುದಿಲ್ಲ.

ಈ ಮಾರ್ಗಸೂಚಿಯ ಸಾರಾಂಶ ಇಲ್ಲಿಗೆ ಮುಗಿಯಿತು. ಈಗಾಗಲೇ ಬೇವಿಗೆ ಕಟ್ಟಿ ಕೂತವರು ಮಾತ್ರ ಮುಂದೆ ಓದತಕ್ಕದ್ದು.

ಈ ವಿದ್ಯೆ ಹೊಸದೂ ಅಲ್ಲ. ಐಬಿಎಂ ಕಂಪನಿ 1972ರಲ್ಲೇ ವಿಎಂ/370 ಎಂಬುದನ್ನು ಮಾರುಕಟ್ಟೆಗೆ ಬಿಟ್ಟಿತ್ತು. 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬಿಬ್ಬರು ಯಾವ ಬಗೆಯ ಪ್ರೊಸೆಸರ್ ಈ ಕೆಲಸಕ್ಕೆ ಲಾಯಕ್ಕು ಎಂದು ಗಣಿತದ ಶಿಸ್ತಿನಲ್ಲಿ ಷರತ್ತು ಬರೆದಿಟ್ಟರು. 1978ರ 8086ರಿಂದ ಬೆಳೆದುಬಂದ ನಮ್ಮ ಮೇಜುಗಳ ಮೇಲಿನ ಎಕ್ಸ್86 ವಂಶ ಆ ಷರತ್ತಿನಲ್ಲಿ ಬಹುಕಾಲ ಫೇಲಾಗಿಯೇ ಉಳಿಯಿತು. 2005ರಲ್ಲಿ ಇಂಟೆಲ್ ವಿಟಿ-ಎಕ್ಸ್ ಎಂಬ ಸೌಲಭ್ಯವನ್ನೂ 2006ರಲ್ಲಿ ಎಎಂಡಿ ತನ್ನ ಎಎಂಡಿ-ವಿಯನ್ನೂ ಸೇರಿಸಿದ ಮೇಲೆ ಸಪ್ಲಿಮೆಂಟರಿಯಲ್ಲಿ ಪಾಸಾಯಿತು.

2. ತಾಲ್ಲೂಕಿಗೆ ವರ್ಚುವಲ್ ಮಷೀನ್ ಯಾಕೆ ಬೇಕು

ಕೆಲ ವರ್ಷಗಳ ಹಿಂದಷ್ಟೇ ತಾಲ್ಲೂಕು ಕೇಂದ್ರವಾದ ಊರಿಗೆ ಇಂಥ ಯಂತ್ರ ಯಾಕೆ ಎಂದು ಬೆಂಗಳೂರಿನವರು ಕೇಳಬಹುದು. ಉತ್ತರ: ಲಗ್ನದ ಕಾರ್ಡು.

ಈ ಭಾಗದ ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿಗಳ ನಿಜವಾದ ಆಸ್ತಿ ಯಂತ್ರವಲ್ಲ, ಹಳೆಯ ಫೈಲುಗಳು. 2001ರಲ್ಲಿ ಬಂದ ಪೇಜ್‌ಮೇಕರ್ 7 ಆ ಸಾಫ್ಟ್‌ವೇರಿನ ಕೊನೆಯ ಆವೃತ್ತಿ. ಅದರಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ ಫಾಂಟ್ ಹಾಕಿ ಒಮ್ಮೆ ಒಂದು ಚಲೋ ಕಾರ್ಡು ಮಾಡಿಟ್ಟರೆ, ಮುಂದಿನ ಲಗ್ನಕ್ಕೆ ಅದನ್ನೇ ತೆರೆದು ಹೆಸರು ಬದಲಿಸುವುದಷ್ಟೇ ಕೆಲಸ. ವರನ ಹೆಸರು, ವಧುವಿನ ಹೆಸರು, ಮುಹೂರ್ತ, ಕಲ್ಯಾಣ ಮಂಟಪ ಬದಲಾಗುತ್ತವೆ. ‘ಸುಖಾಗಮನ ಬಯಸುವವರು’ ಎಂಬುದರ ಕೆಳಗಿನ ಪಟ್ಟಿ ಮಾತ್ರ ಆಗಾಗ ಹಿಂದಿನ ಲಗ್ನದ್ದೇ ಉಳಿದು, ಕಂಡರಿಯದ ಊರಿನ ಸೋದರಮಾವಂದಿರು ನಮ್ಮ ಸುಖಾಗಮನ ಬಯಸಿಬಿಡುತ್ತಾರೆ. ಬಯಸಲಿ, ಅದರಿಂದ ಯಾರಿಗೂ ನಷ್ಟವಿಲ್ಲ.

ಈ ಆಸ್ತಿ ಇರುವುದು ವಿಂಡೋಸ್ ಎಕ್ಸ್‌ಪಿಯಲ್ಲಿ. ಮೈಕ್ರೋಸಾಫ್ಟ್ ಎಕ್ಸ್‌ಪಿಯ ಆರೈಕೆಯನ್ನು 2014ರ ಏಪ್ರಿಲ್ 8ಕ್ಕೆ ನಿಲ್ಲಿಸಿತು. ಅದೇ ವರ್ಷ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಊರು ತನ್ನ ಹೆಸರನ್ನೇ ಬದಲಿಸಿಕೊಂಡರೂ ಅಂಗಡಿಯವರು ಎಕ್ಸ್‌ಪಿ ಬದಲಿಸಲಿಲ್ಲ. ಹಳೆಯ ಡಬ್ಬಿ ಕೈಕೊಡುವ ಸೂಚನೆ ಕಂಡಾಗ ಜಾಣರು ಅದರ ಹಾರ್ಡ್‌ಡಿಸ್ಕನ್ನು ಇಡಿಯಾಗಿ ಒಂದು ಫೈಲು ಮಾಡಿ, ಹೊಸ ಡೆಸ್ಕ್‌ಟಾಪಿನೊಳಗೆ ವರ್ಚುವಲ್ ಮಷೀನ್ ನಡೆಸುವ ವರ್ಚುವಲ್‌ಬಾಕ್ಸ್ ಎಂಬ ಸಾಫ್ಟ್‌ವೇರ್ ಹಾಕಿ, ಎಕ್ಸ್‌ಪಿಯನ್ನು ಅಲ್ಲಿ ಕೂಡಿಸಿದರು. ಡೆಸ್ಕ್‌ಟಾಪ್ ಇಂಟೆಲ್‌ನದು, ಎಕ್ಸ್‌ಪಿ ಬರೆದದ್ದೂ ಎಕ್ಸ್86ಕ್ಕೆ. ಕಸಿ ಹತ್ತಿತು. ಲಗ್ನಗಳು ಸಾಂಗವಾಗಿ ನಡೆದವು.

3. ಸ್ಥಳೀಯ ನಿದಾನ ಪಂಥಗಳು

ವರ್ಚುವಲ್ ಮಷೀನ್ ಚಾಲೂ ಆಗದಿದ್ದಾಗ ಅಂಗಡಿಗೆ ಮೊದಲು ಬರುವವನು ತಜ್ಞನಲ್ಲ, ಪಕ್ಕದ ಅಂಗಡಿಯವನು. ಆ ಬಳಿಕ ಬರುವವರು ಸಾಮಾನ್ಯವಾಗಿ ಕೆಳಗಿನ ಪಂಥಗಳಲ್ಲಿ ಒಂದಕ್ಕೆ ಸೇರಿರುತ್ತಾರೆ.

ಕರೆಂಟ್ ಪಂಥ: ಅತ್ಯಂತ ಪ್ರಾಚೀನವಾದದ್ದು, ಪಂಪ್‌ಸೆಟ್ ಅನುಭವದಿಂದ ಹುಟ್ಟಿದ್ದು. “ವೋಲ್ಟೇಜ್ ಬರವಲ್ದ್ರಿ. ಥ್ರೀ ಫೇಸ್ ಬರ್ಲಿ, ತಾನ ಚಾಲೂ ಆಗ್ತೈತಿ” ಎಂಬುದು ಇದರ ಮೂಲಸೂತ್ರ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಓಡುತ್ತಿದೆ ಎಂದು ತೋರಿಸಿದರೆ, ಬ್ಯಾಟರಿ ಚಾರ್ಜ್ ಆಗಿದ್ದು ಸಿಂಗಲ್ ಫೇಸ್‌ನಲ್ಲಿ ಎಂಬ ಉತ್ತರ ಸಿದ್ಧವಿರುತ್ತದೆ. ಈ ಪಂಥವನ್ನು ವಾದದಲ್ಲಿ ಸೋಲಿಸಿದವರಿಲ್ಲ.

ಧೂಳು ಪಂಥ: ರ‍್ಯಾಮ್ ಬಿಚ್ಚು, ರಬ್ಬರಿನಿಂದ ತಿಕ್ಕು, ಉಫ್ ಎಂದು ಊದು, ಮತ್ತೆ ಹಾಕು. ಹಳೆಯ ಡೆಸ್ಕ್‌ಟಾಪುಗಳಲ್ಲಿ ಇದರಿಂದ ಗುಣವಾದ ರೋಗಗಳು ಬಹಳ. ಆದರೆ ಆಪಲ್‌ನ ಹೊಸ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮು ಪ್ರೊಸೆಸರಿನ ಜೊತೆಗೇ ಒಂದೇ ಪ್ಯಾಕೇಜಿನಲ್ಲಿ ಕೂತಿರುತ್ತದೆ, ಬಿಚ್ಚಲು ಬರುವುದಿಲ್ಲ. ಸ್ಕ್ರೂಡ್ರೈವರ್ ಹಿಡಿದು, ತಿಕ್ಕಲು ಏನೂ ಸಿಗದೆ, ಕೊನೆಗೆ ಮುಚ್ಚಳವನ್ನೇ ತಿಕ್ಕಿ ಸಮಾಧಾನ ತಂದುಕೊಂಡ ಹಿರಿಯರನ್ನು ನಾನು ಕಂಡಿದ್ದೇನೆ.

ಫಾರ್ಮ್ಯಾಟ್ ಪಂಥ: ಕ್ರಾಂತಿಕಾರಿಗಳು. “ಫಾರ್ಮ್ಯಾಟ್ ಹೊಡದ್ಬಿಡ್ರಿ” ಎನ್ನುತ್ತಾರೆ. ಈ ಚಿಕಿತ್ಸೆಯಿಂದ ತೊಂದರೆ ಖಂಡಿತ ಹೋಗುತ್ತದೆ. ಜೊತೆಗೆ ಲಗ್ನದ ಕಾರ್ಡುಗಳೂ ಹೋಗುತ್ತವೆ.

ದಿಕ್ಕಿನ ಪಂಥ: ಟೇಬಲನ್ನು ಪೂರ್ವಕ್ಕೆ ತಿರುಗಿಸುವುದು. ದುಷ್ಪರಿಣಾಮವಿಲ್ಲದ ಏಕೈಕ ಚಿಕಿತ್ಸೆ. ಟೇಬಲಿನ ಹಿಂದೆ ಬಿದ್ದಿದ್ದ ಸ್ಟೇಪ್ಲರ್ ಸಿಗುವ ಸಾಧ್ಯತೆಯೂ ಉಂಟು.

ಅಡ್ಜಸ್ಟ್ ಪಂಥ: ಮೇಲಿನ ಎಲ್ಲರೂ ಮೂಲತಃ ಇದರ ಸದಸ್ಯರೇ. ತಿಕೋಟಾದಿಂದ ವಿಜಯಪುರಕ್ಕೆ ಹೊರಟ ಟಂಟಂನಲ್ಲಿ “ಸ್ವಲ್ಪ ಸರೀರಿ” ಎಂದರೆ ಜಾಗವಾಗುತ್ತದೆ. ತುಂಬಿದ ಪಂಕ್ತಿಯಲ್ಲಿ ಇನ್ನೊಂದು ಎಲೆ ಹಿಡಿಯುತ್ತದೆ. ಮುಗಿದುಹೋದ ಅರ್ಜಿ ದಿನಾಂಕಕ್ಕೂ ಒಂದು ದಾರಿ ಇರುತ್ತದೆ. ಹೀಗಿರುವಾಗ ಒಂದು ಪ್ರೊಸೆಸರ್ ಮತ್ತು ಒಂದು ವಿಂಡೋಸ್ ಪರಸ್ಪರ ಅಡ್ಜಸ್ಟ್ ಮಾಡಿಕೊಳ್ಳುವುದಿಲ್ಲ ಎಂದರೆ ಯಾರೋ ಸರಿಯಾಗಿ ಹೇಳಿಲ್ಲ ಎಂದೇ ಈ ಪಂಥದ ನಂಬಿಕೆ.

4. ಗುಣವಾಗುವ ರೋಗಗಳು

ಯಂತ್ರ ಮುನಿಸಿಕೊಂಡಿದ್ದರೂ ಕುಲ ಒಂದೇ ಆಗಿರುವ ಪ್ರಕರಣಗಳನ್ನು ಇಲ್ಲಿ ಪಟ್ಟಿ ಮಾಡಿದ್ದೇನೆ. ಇವುಗಳಲ್ಲಿ ತಜ್ಞನ ಕೀರ್ತಿ ಸುಲಭವಾಗಿ ಬೆಳೆಯುತ್ತದೆ.

ಮೊದಲನೆಯದು, ಸ್ವಿಚ್ಚೇ ಹಾಕಿರದ ರೋಗ. ಪ್ರೊಸೆಸರಿಗೆ ವಿಟಿ-ಎಕ್ಸ್ ಶಕ್ತಿ ಇದೆ. ಬಯಾಸ್‌ನಲ್ಲಿ ಅದನ್ನು ಬಂದ್ ಇಟ್ಟಿರುತ್ತಾರೆ. ವರ್ಚುವಲ್‌ಬಾಕ್ಸ್ ‘ವಿಟಿ-ಎಕ್ಸ್ ಬಯಾಸ್‌ನಲ್ಲಿ ಬಂದ್ ಆಗಿದೆ’ ಎಂದು ಬಿಡಿಸಿಯೇ ಹೇಳುತ್ತದೆ. ಚಿಕಿತ್ಸೆ: ಕಂಪ್ಯೂಟರ್ ಚಾಲೂ ಆಗುವಾಗ ಎಫ್2, ಎಫ್10 ಅಥವಾ ಡಿಲೀಟ್ ಒತ್ತಿ ಬಯಾಸ್‌ಗೆ ಹೋಗುವುದು, ಇಂಟೆಲ್ ಆಗಿದ್ದರೆ ವರ್ಚುವಲೈಸೇಶನ್ ಟೆಕ್ನಾಲಜಿ, ಎಎಂಡಿ ಆಗಿದ್ದರೆ ಎಸ್‌ವಿಎಂ ಎಂಬುದನ್ನು ಹುಡುಕಿ ಚಾಲೂ ಮಾಡುವುದು, ಎಫ್10 ಒತ್ತಿ ಉಳಿಸಿ ಹೊರಬರುವುದು. ಯಾವ ಕೀ ಎಂದು ಗೊತ್ತಿಲ್ಲದವರು ಎಲ್ಲ ಕೀಗಳನ್ನೂ ಒಟ್ಟಿಗೆ ಬಡಿಯುವ ಪದ್ಧತಿ ಈ ಭಾಗದಲ್ಲಿ ರೂಢಿಯಲ್ಲಿದ್ದು, ಆಶ್ಚರ್ಯಕರವಾಗಿ ಅದೂ ಕೆಲಸ ಮಾಡುತ್ತದೆ.

ಎರಡನೆಯದು, 32 ಮತ್ತು 64ರ ರೋಗ. 64 ಬಿಟ್ ಲಿನಕ್ಸನ್ನು 32 ಬಿಟ್ ಎಂದು ದಾಖಲಿಸಿದ ವರ್ಚುವಲ್ ಮಷೀನಿನಲ್ಲಿ ಎಬ್ಬಿಸಿದರೆ, ಕರ್ನೆಲ್ ಹೀಗೆ ಬರೆದು ನಿಂತುಬಿಡುತ್ತದೆ: ತನಗೆ ಎಕ್ಸ್86-64 ಸಿಪಿಯು ಬೇಕು, ಇಲ್ಲಿ ಕಂಡದ್ದು ಐ686 ಸಿಪಿಯು. ಸೆಟ್ಟಿಂಗಿನಲ್ಲಿ 64 ಬಿಟ್ ಆಯ್ಕೆ ಮಾಡಿದರೆ ಮುಗಿಯಿತು. ಆ ಆಯ್ಕೆಯೇ ಪಟ್ಟಿಯಲ್ಲಿ ಕಾಣದಿದ್ದರೆ ಮೊದಲನೆಯ ರೋಗಕ್ಕೆ ವಾಪಸು ಹೋಗಬೇಕು.

ಮೂರನೆಯದು, ಆಮೆ ರೋಗ. ವಿಂಡೋಸ್ 10 ಅಥವಾ 11ರಲ್ಲಿ ಹೈಪರ್-ವಿ ಎಂಬ ಮೈಕ್ರೋಸಾಫ್ಟ್‌ನದೇ ವ್ಯವಸ್ಥೆ ಮೊದಲೇ ವಿಟಿ-ಎಕ್ಸ್ ಹಿಡಿದುಕೊಂಡು ಕೂತಿದ್ದರೆ, ವರ್ಚುವಲ್‌ಬಾಕ್ಸ್ ಅದರ ಕೈಕೆಳಗೆ ನಡೆಯಬೇಕಾಗುತ್ತದೆ. ಆಗ ಕಿಟಕಿಯ ಕೆಳಮೂಲೆಯಲ್ಲಿ ಒಂದು ಹಸಿರು ಆಮೆಯ ಚಿತ್ರ ಬರುತ್ತದೆ. ಇದು ತಮಾಷೆಯಲ್ಲ. ಅಲ್ಲಿ ನಿಜವಾಗಿ ಆಮೆ ಬರುತ್ತದೆ. ತಮ್ಮ ಕೆಲಸ ನಿಧಾನವಾಗುತ್ತಿರುವುದನ್ನು ಬಾಗಿಲಿಗೆ ಚಿತ್ರ ತೂಗುಹಾಕಿ ತಿಳಿಸುವ ಪ್ರಾಮಾಣಿಕತೆ ಬೇರೆ ವ್ಯವಸ್ಥೆಗಳಿಗೂ ಬಂದರೆ ಜಿಲ್ಲೆಯಲ್ಲಿ ಹಸಿರು ಬಣ್ಣಕ್ಕೆ ಕೊರತೆಯಾಗಬಹುದು.

ನಾಲ್ಕನೆಯದು, ಅರೆನಿದ್ದೆಯ ರೋಗ. ವರ್ಚುವಲ್ ಮಷೀನನ್ನು ಪೂರ್ತಿ ಬಂದ್ ಮಾಡದೆ, ಇದ್ದ ಸ್ಥಿತಿಯಲ್ಲೇ ಉಳಿಸಿ, ಇಂಟೆಲ್ ಯಂತ್ರದಿಂದ ಎಎಂಡಿ ಯಂತ್ರಕ್ಕೆ ಒಯ್ದರೆ ಅದು ಎದ್ದು ನೋಡಿದಾಗ ಮೊದಲಿದ್ದ ಸಿಪಿಯು ಇರುವುದಿಲ್ಲ, ಹಟ ಹಿಡಿಯುತ್ತದೆ. ದೊಡ್ಡ ಡೇಟಾ ಸೆಂಟರುಗಳಲ್ಲಿ ಒಂದೇ ವಂಶದ ಬೇರೆ ಬೇರೆ ಪೀಳಿಗೆಯ ಪ್ರೊಸೆಸರುಗಳ ನಡುವೆ ಈ ತಕರಾರು ಏಳದಿರಲೆಂದು ವಿಎಂವೇರ್‌ನವರು ಇವಿಸಿ ಎಂಬ ವ್ಯವಸ್ಥೆ ಮಾಡಿದ್ದಾರೆ. ಹೊಸ ಪ್ರೊಸೆಸರ್ ತನಗೆ ಗೊತ್ತಿರುವ ಹೊಸ ವಿದ್ಯೆಗಳನ್ನು ಬಚ್ಚಿಟ್ಟು, ಹಳಬರಿಗೆ ಗೊತ್ತಿರುವಷ್ಟೇ ತನಗೂ ಗೊತ್ತು ಎಂದು ನಟಿಸುತ್ತದೆ. ಸರ್ಕಾರಿ ನೌಕರಿಗೆ ಹೊಸದಾಗಿ ಸೇರಿದ ಹುಡುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

5. ಗುಣವಾಗದ ರೋಗ: ಪ್ರಕರಣದ ವರದಿ

ಅಂಗಡಿ ಅಥಣಿ ರಸ್ತೆಯ ಕಡೆಗಿದೆ. ಹೆಚ್ಚಿನ ಗುರುತು ಬೇಡ. ಮಾಲೀಕರನ್ನು ಊರೆಲ್ಲ ಕಾಕಾ ಎನ್ನುತ್ತದೆ, ನಾನೂ ಕಾಕಾ ಎನ್ನುತ್ತೇನೆ. ಅವರ ಅಳಿಯ ಪುಣೆಯಲ್ಲಿ ನೌಕರಿ. ಮಾವನ ಡೆಸ್ಕ್‌ಟಾಪಿನ ಸದ್ದು ಕೇಳಲಾಗದೆ ಬೆಳ್ಳಿ ಬಣ್ಣದ ಆಪಲ್ ಲ್ಯಾಪ್‌ಟಾಪನ್ನು ದೀಪಾವಳಿಗೆ ತಂದುಕೊಟ್ಟ. ಕಾಕಾನ ಮಗ ಎಕ್ಸ್‌ಪಿಯ ಇಡೀ ಫೈಲನ್ನು ಪೆನ್‌ಡ್ರೈವಿನಲ್ಲಿ ತಂದು ಹೊಸ ಲ್ಯಾಪ್‌ಟಾಪಿಗೆ ಹಾಕಿ, ಸ್ಟಾರ್ಟ್ ಒತ್ತಿದ. ಲಗ್ನದ ಸೀಜನ್. ಹೊರಗೆ ಬೆಂಚಿನ ಮೇಲೆ ಇಬ್ಬರು ಬೀಗರು ಪ್ರೂಫ್ ನೋಡಲು ಕಾದಿದ್ದರು.

ನಾನು ಹೋಗುವಷ್ಟರಲ್ಲಿ ಟೇಬಲ್ ಪೂರ್ವಕ್ಕೆ ತಿರುಗಿತ್ತು. ಸ್ಕ್ರೀನಿನ ಮೇಲೆ ವರ್ಚುವಲ್‌ಬಾಕ್ಸ್‌ನ ಸಂದೇಶವಿತ್ತು. ಈ ಮಷೀನಿನ ಆರ್ಕಿಟೆಕ್ಚರ್ ಎಕ್ಸ್86, ಅದಕ್ಕೆ ಆರ್ಮ್ ಮೇಲೆ ಬೆಂಬಲವಿಲ್ಲ, ಆದ್ದರಿಂದ ನಡೆಸಲಾಗದು. ನಾನು ನನ್ನ ವಿದ್ಯೆಯನ್ನು ಪ್ರಯೋಗಿಸಿದೆ. ಅಂದರೆ ಅದನ್ನು ಓದಿದೆ.

“ಏನಂತೈತ್ರಿ ಸರ್ ಅದು?” ಎಂದರು ಕಾಕಾ.

“ಆಗಂಗಿಲ್ಲ ಅಂತೈತಿ, ಕಾಕಾ.”

“ಮತ್ಯಾವಾಗ ಆಗ್ತೈತಂತ?”

“ಯಾವಾಗೂ ಆಗಂಗಿಲ್ಲಂತ.”

“ಹಂಗ ಹೆಂಗ ಅಂತೈತ್ರಿ? ಅಳಿಯಾ ಲಕ್ಷದ ಮ್ಯಾಲೆ ಕೊಟ್ಟಾನ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಅನ್ರಿ.”

“ಯಾರಿಗೆ ಅನ್ಲಿ?”

“ಅದಕ್ಕ.”

ಬೆಂಚಿನ ಮೇಲಿದ್ದ ಬೀಗರಲ್ಲೊಬ್ಬರು, ಬೇಕಿದ್ದರೆ ದೊಡ್ಡವರಿಂದ ಒಂದು ಫೋನ್ ಹಚ್ಚಿಸೋಣ ಎಂದರು. ಯಾರಿಗೆ ಹಚ್ಚಿಸುವುದು ಎಂಬ ಪ್ರಶ್ನೆ ಅವರ ಮಟ್ಟಿಗೆ ಅನಂತರದ್ದು.

ಪ್ರಕರಣದ ತಾಂತ್ರಿಕ ಹಿನ್ನೆಲೆ ಹೀಗಿದೆ. ಆಪಲ್ ಕಂಪನಿ 2020ರ ನವೆಂಬರಿನಲ್ಲಿ ಎಂ1 ಚಿಪ್ ಪ್ರಕಟಿಸಿ, ಅಲ್ಲಿಂದ ಮುಂದೆ ತನ್ನ ಲ್ಯಾಪ್‌ಟಾಪುಗಳನ್ನು ಎಕ್ಸ್86ರಿಂದ ಆರ್ಮ್‌ಗೆ ಬದಲಾಯಿಸತೊಡಗಿತು. ಆರ್ಮ್ ಎಂಬುದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಏಕಾರ್ನ್ ಕಂಪನಿಯ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ರೂಪಿಸಿದ್ದು. ಮೊದಲ ಚಿಪ್ ಬಂದದ್ದು 1985ರಲ್ಲಿ. ತಾಲ್ಲೂಕಿಗೆ ಅದು ಅಪರಿಚಿತವೂ ಅಲ್ಲ: ಒಣದ್ರಾಕ್ಷಿ ಶೆಡ್ಡಿನಲ್ಲಿ ನಿಂತು ದರ ವಿಚಾರಿಸುವವರ ಕೈಯಲ್ಲಿರುವ ಫೋನಿನೊಳಗೆ ಇರುವುದು ಅದೇ. ವರ್ಚುವಲ್‌ಬಾಕ್ಸ್ ಕೂಡ 2024ರ 7.1ನೇ ಆವೃತ್ತಿಯಿಂದ ಆಪಲ್‌ನ ಆರ್ಮ್ ಯಂತ್ರಗಳ ಮೇಲೆ ನಡೆಯುತ್ತದೆ. ಆದರೆ ಆರ್ಮ್ ಮೇಲೆ ಆರ್ಮ್‌ನ ಕಡ್ಡಿಯನ್ನಷ್ಟೇ ಕಟ್ಟುತ್ತದೆ. ಎಕ್ಸ್‌ಪಿ ಎಕ್ಸ್86ರ ಕಡ್ಡಿ.

ಎರಡರ ನಡುವಿನ ಅಂತರ ಸೆಟ್ಟಿಂಗಿನದಲ್ಲ. ಎಕ್ಸ್86ರ ಆಜ್ಞೆಗಳು 1 ಬೈಟಿನಿಂದ 15 ಬೈಟಿನವರೆಗೆ ಬೇಕಾದ ಉದ್ದಕ್ಕಿರುತ್ತವೆ. 64 ಬಿಟ್ ಆರ್ಮ್‌ನ ಪ್ರತಿ ಆಜ್ಞೆಯೂ ಕರಾರುವಾಕ್ಕಾಗಿ 4 ಬೈಟ್. ಎಕ್ಸ್86ರಲ್ಲಿ ‘ಏನೂ ಮಾಡಬೇಡ’ ಎಂದೇ ಒಂದು ಆಜ್ಞೆ ಇದೆ, ಅದಕ್ಕೆ 1 ಬೈಟ್ ಸಾಕು. ಆರ್ಮ್‌ನಲ್ಲಿ ಏನೂ ಮಾಡದಿರಲೂ 4 ಬೈಟ್ ಬೇಕು. ಏನೂ ಮಾಡದಿರುವ ವಿಷಯದಲ್ಲೇ ಒಮ್ಮತವಿಲ್ಲದವರು ಕೂಡಿ ಏನಾದರೂ ಮಾಡುತ್ತಾರೆಂದು ನಿರೀಕ್ಷಿಸುವುದು ಅವೈಜ್ಞಾನಿಕ.

ಕಾಕಾಗೆ ಬೇಸರವಾದದ್ದು ತಾಂತ್ರಿಕ ಕಾರಣದಿಂದಲ್ಲ. ಅವರು ಬದುಕಿನಲ್ಲಿ ‘ಆಗುವುದಿಲ್ಲ’ ಎಂಬ ಮಾತನ್ನು ಹೀಗೆ ಮೊದಲ ದಿನವೇ ಕೇಳಿದವರಲ್ಲ. ‘ನೋಡೋಣ್ರಿ’ ಕೇಳಿದ್ದಾರೆ, ‘ಸಾಹೇಬ್ರು ಮೀಟಿಂಗ್‌ನ್ಯಾಗ ಅದಾರ’ ಕೇಳಿದ್ದಾರೆ, ‘ಸೋಮವಾರ ಬರ್ರಿ’ ಕೇಳಿದ್ದಾರೆ. ಆಗದ ಕೆಲಸವನ್ನು ಆಗುವುದಿಲ್ಲ ಎಂದು ಬರೆದುಕೊಡುವುದಕ್ಕೆ ನಮ್ಮಲ್ಲಿ ಹಿಂಬರಹ ಎನ್ನುತ್ತಾರೆ. ಅದನ್ನು ಪಡೆಯುವುದು ಆಗುವ ಕೆಲಸ ಮಾಡಿಸಿಕೊಳ್ಳುವುದಕ್ಕಿಂತ ಕಷ್ಟ. ಸೇವೆಗಳಿಗೆ ಕಾಲಮಿತಿ ಇರಲೆಂದೇ ರಾಜ್ಯದಲ್ಲಿ 2011ರ ಕಾಯ್ದೆಯ ಮೇಲೆ ಸಕಾಲ ಬಂತು. ವರ್ಚುವಲ್‌ಬಾಕ್ಸ್ ಮಾತ್ರ ಯಾವ ಕಾಯ್ದೆಯ ಒತ್ತಡವೂ ಇಲ್ಲದೆ, ಸ್ಟಾರ್ಟ್ ಒತ್ತಿದ ಮರುಗಳಿಗೆಯಲ್ಲೇ, ಕಾರಣ ಸಮೇತ, ಲಿಖಿತ ಹಿಂಬರಹ ಕೊಟ್ಟಿತ್ತು. ತಿದ್ದುಪಡಿಗೆ ಅವಕಾಶವಿಲ್ಲ, ಮೇಲ್ಮನವಿ ಇಲ್ಲ, ಕೆಳಗೆ ‘ಓಕೆ’ ಎಂಬ ಒಂದೇ ಗುಂಡಿ. ಇಷ್ಟು ನೇರವಾದ ಆಡಳಿತವನ್ನು ತಾಲ್ಲೂಕು ಕಂಡಿರಲಿಲ್ಲ. ಅದನ್ನೇ ರೋಗವೆಂದು ತಿಳಿದು ರಬ್ಬರ್ ಹಿಡಿದು ತಿಕ್ಕಿತು.

6. ಐತಿಹಾಸಿಕ ಪೂರ್ವನಿದರ್ಶನಗಳು

ಭಾರವಾದುದನ್ನು ಒಂದು ನೆಲೆಯಿಂದ ಇನ್ನೊಂದಕ್ಕೆ ಸಾಗಿಸುವುದರಲ್ಲಿ ಈ ಜಿಲ್ಲೆಗೆ ಅನುಭವ ಕಡಿಮೆಯಿಲ್ಲ ಎಂದು ಕಾಕಾನ ಮಗ ವಾದಿಸಿದ. ಪರಿಶೀಲಿಸಿದೆ.

1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು ಸುಮಾರು 55 ಟನ್ ತೂಕದ್ದು. ಪರಂಡಾ ಕೋಟೆಯಿಂದ ಅದನ್ನು 400 ಎತ್ತು, 10 ಆನೆ, ನೂರಾರು ಆಳುಗಳ ಬಲದಿಂದ ವಿಜಯಪುರಕ್ಕೆ ಎಳೆದು ತಂದರೆಂದು ಹೇಳುತ್ತಾರೆ. ಇಂದು ಶೇರ್ಜಾ ಬುರುಜಿನ ಮೇಲಿದೆ. ಈ ವರ್ಗಾವಣೆ ಯಶಸ್ವಿಯಾದುದಕ್ಕೆ ಕಾರಣ ಆನೆಗಳಲ್ಲ. ತೋಪು ಬುರುಜಿನಿಂದ ಆಜ್ಞೆ ಪಡೆಯುವುದಿಲ್ಲ, ಅದರ ಮೇಲೆ ಕೂಡುತ್ತದೆ ಅಷ್ಟೇ. ಕಾಕಾನ ಎಕ್ಸ್‌ಪಿಯ ತೂಕ ಒಂದು ಪೆನ್‌ಡ್ರೈವಿನಷ್ಟು. ಆದರೆ ಅದು ಪ್ರತಿ ಗಳಿಗೆಯೂ ಕೆಳಗಿನ ಪ್ರೊಸೆಸರಿನ ಜೊತೆ ಮಾತಾಡಬೇಕು. 400 ಎತ್ತು ಕಟ್ಟಿದರೂ ಮಾತು ಹೊರಡದು.

ಬಾರಾ ಕಮಾನ್‌ನ ಉದಾಹರಣೆ ಇನ್ನೂ ಹತ್ತಿರದ್ದು. ಎರಡನೇ ಅಲಿ ಆದಿಲ್ ಶಾಹ ತನ್ನ ಗೋರಿಗಾಗಿ ಆರಂಭಿಸಿದ ಈ ಕಟ್ಟಡ, 1672ರಲ್ಲಿ ಆತ ತೀರಿಕೊಂಡ ಮೇಲೆ ಕಮಾನುಗಳಷ್ಟೇ ಎದ್ದು ನಿಂತ ಸ್ಥಿತಿಯಲ್ಲಿ ಉಳಿಯಿತು. ಬೂಟ್ ಆಗುತ್ತ ಆಗುತ್ತ ನಿಂತುಹೋದ ಯಂತ್ರವನ್ನು ರೀಸ್ಟಾರ್ಟ್ ಮಾಡದೆ, ಫಾರ್ಮ್ಯಾಟ್ ಹೊಡೆಯದೆ, ಇದ್ದ ಹಾಗೇ ಮೂರೂವರೆ ಶತಮಾನ ಕಾಪಾಡಿ, ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಸಂಯಮ ನಮ್ಮ ಜನಕ್ಕಿದೆ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಆ ಸಂಯಮ ಯಾಕೋ ಐದು ನಿಮಿಷ ನಿಲ್ಲುವುದಿಲ್ಲ.

7. ಪರ್ಯಾಯ: ಎಮ್ಯುಲೇಶನ್

ಕಸಿ ಹತ್ತದಿದ್ದಲ್ಲಿ ಉಳಿಯುವ ದಾರಿ ಎಮ್ಯುಲೇಶನ್. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದ ಕ್ಯೂಎಮು ಎಂಬ ಸಾಫ್ಟ್‌ವೇರ್ ಇಲ್ಲದ ಎಕ್ಸ್86 ಪ್ರೊಸೆಸರನ್ನು ಇದೆ ಎಂದು ನಟಿಸಿ ತೋರಿಸುತ್ತದೆ. ಎಕ್ಸ್‌ಪಿ ಕೊಡುವ ಆಜ್ಞೆಗಳನ್ನು ಕಂತು ಕಂತಾಗಿ ಎತ್ತಿಕೊಂಡು, ಬಿಡಿಸಿ, ಅದೇ ಅರ್ಥ ಬರುವ ಆರ್ಮ್ ಆಜ್ಞೆಗಳನ್ನು ಹೊಸೆದು ನಡೆಸುತ್ತದೆ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿದ್ದು ಕೂಗಿದ ಹಾಗೇ ವಾಪಸು ಬರುತ್ತದೆ, ಅದಕ್ಕೆ ಶ್ರಮವಿಲ್ಲ. ಇಲ್ಲಿ ಕೂಗಿದ್ದು ಬೇರೆಯೇ ಆಗಿ ಹೊರಡಬೇಕು, ಆದ್ದರಿಂದ ತಡ. ಆಪಲ್‌ನವರದೇ ರೊಸೆಟ್ಟಾ ಇದೆಯಲ್ಲ ಎಂದು ಓದಿಕೊಂಡವರು ಕೇಳಬಹುದು. ಅದು ಒಂದೊಂದು ಅಪ್ಲಿಕೇಶನ್ನಿಗೆ ಆಗುತ್ತದೆ, ಇಡೀ ಎಕ್ಸ್‌ಪಿಯನ್ನು ಎಬ್ಬಿಸಿ ಕೂಡಿಸಲು ಅಲ್ಲ.

ಕ್ಯೂಎಮು ಮೇಲೆ ಕಟ್ಟಿದ ಯುಟಿಎಂ ಎಂಬ ಅಪ್ಲಿಕೇಶನ್ನನ್ನು ಕಾಕಾನ ಲ್ಯಾಪ್‌ಟಾಪಿಗೆ ಹಾಕಿ, ಎಕ್ಸ್‌ಪಿಯ ಡಿಸ್ಕ್ ತೋರಿಸಿದೆ. ಕಪ್ಪು ಸ್ಕ್ರೀನಿನ ಮೇಲೆ ಪಟ್ಟಿ ಬಂತು. ಪಟ್ಟಿಯೊಳಗೆ ಮೂರು ನೀಲಿ ಚೌಕಗಳು ಎಡದಿಂದ ಬಲಕ್ಕೆ ಹೊರಟವು, ಹೋದವು, ಮತ್ತೆ ಎಡದಿಂದ ಬಂದವು. ಬೀಗರು ಚಹಾ ಕುಡಿದರು. ಚೌಕಗಳು ಮತ್ತೆ ಹೊರಟವು. ಬೀಗರು ಮಾನಪಾನದ ಬಾಕಿ ಉಳಿದಿದ್ದ ಮಾತುಕತೆಯನ್ನು ಅಲ್ಲೇ ಮುಗಿಸಿಕೊಂಡರು. ಆಮೇಲೆ ಹಸಿರು ಗುಡ್ಡ, ನೀಲಿ ಆಕಾಶದ ಆ ಹಳೆಯ ಚಿತ್ರ ಸ್ಕ್ರೀನ್ ತುಂಬಿತು. ಪೇಜ್‌ಮೇಕರ್ ತೆರೆಯಿತು. ಕಾಕಾ ಕೀಲಿ ಒತ್ತಿ ಕೈ ತೆಗೆದ ಮೇಲೆ, ನಿಂತು ಯೋಚಿಸಿ, ಅಕ್ಷರ ಮೂಡಿತು.

“ಬಂತು ನೋಡ್ರಿ” ಎಂದರು ಕಾಕಾ. “ನಾ ಹೇಳಿದ್ನೆಲ್ಲ, ಅಡ್ಜಸ್ಟ್ ಆಗ್ತೈತಂತ.”

ವೈಜ್ಞಾನಿಕ ದಾಖಲೆಗಾಗಿ ಹೇಳುತ್ತೇನೆ: ಪ್ರೊಸೆಸರ್ ಅಡ್ಜಸ್ಟ್ ಆಗಲಿಲ್ಲ. ಸಾಫ್ಟ್‌ವೇರ್ ಮೈಮುರಿದು ದುಡಿಯಿತು. ಅಡ್ಜಸ್ಟ್ ಮಾಡಿಕೊಂಡವರು ಬೀಗರು.

ಮುಂದೆ ಇನ್ನೊಂದು ಅಡ್ಡಿ ಬಂತು. ಕಾರ್ಡಿನ ಸಾಲುಗಳನ್ನು ಎಕ್ಸ್‌ಪಿಯಿಂದ ಎತ್ತಿ ಲ್ಯಾಪ್‌ಟಾಪಿನ ಹೊಸ ಸಾಫ್ಟ್‌ವೇರಿಗೆ ಹಾಕಿದಾಗ, ಕುಲದೇವರ ಹೆಸರಿದ್ದ ಜಾಗದಲ್ಲಿ ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷ್ ಎಗಳು, ಪೌಂಡ್ ಚಿಹ್ನೆ, ಯುರೋಪಿನ ಯಾವುದೋ ಮೂಲೆಯ ಅಕ್ಷರಗಳು ಬಂದು ನಿಂತವು. ಹಳೆಯ ನುಡಿ ಫಾಂಟು ಕನ್ನಡವನ್ನು ಕನ್ನಡವೆಂದು ಉಳಿಸಿರುವುದಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳ ಚಿತ್ರ ಕೂಡಿಸಿರುತ್ತದೆ. ಫಾಂಟು ಸರಿದರೆ ಒಳಗಿನದು ಬಯಲಾಗುತ್ತದೆ. ಕಾಕಾನ ಜೀವಮಾನದ ಆಸ್ತಿ ಎಕ್ಸ್‌ಪಿಗೆ ಮಾತ್ರವಲ್ಲ, ಒಂದು ಫಾಂಟಿಗೂ ಕಟ್ಟುಬಿದ್ದಿತ್ತು. ಬೀಗರಲ್ಲಿ ಹಿರಿಯರು ಆ ಪ್ರೂಫನ್ನು ಕನ್ನಡಕ ಏರಿಸಿ ನೋಡಿ, ನಮ್ಮ ಕಡೆಯವರ ಹೆಸರು ಸಣ್ಣದಾಗಿ ಬಂದಿದೆ ಎಂದು ಮಾತ್ರ ಆಕ್ಷೇಪಿಸಿದರು.

8. ಶಿಫಾರಸುಗಳು

ಹೊಸ ಯಂತ್ರ ಕೊಳ್ಳುವ ಮುನ್ನ ಬಣ್ಣ, ತೂಕ, ಅಳಿಯನ ಅಭಿಪ್ರಾಯ ಕೇಳುವುದರ ಜೊತೆಗೆ ಪ್ರೊಸೆಸರ್ ಎಕ್ಸ್86 ವಂಶದ್ದೋ ಆರ್ಮ್ ವಂಶದ್ದೋ ಎಂದು ಕೇಳತಕ್ಕದ್ದು. ಲಗ್ನಕ್ಕೆ ಮುಂಚೆ ಏಳು ತಲೆಮಾರಿನ ವಂಶಾವಳಿ ವಿಚಾರಿಸುವ ಊರಿನಲ್ಲಿ ಲ್ಯಾಪ್‌ಟಾಪಿನದೊಂದನ್ನು ವಿಚಾರಿಸದೆ ಬಿಡುವುದು ಸರಿಯಲ್ಲ.

ಹಳೆಯ ಇಂಟೆಲ್ ಡೆಸ್ಕ್‌ಟಾಪನ್ನು ಗುಜರಿಗೆ ಹಾಕಬಾರದು. ಎಕ್ಸ್‌ಪಿಗೆ ಈ ಊರಿನಲ್ಲಿ ಉಳಿದಿರುವ ಸ್ವಂತ ಬೇರು ಅದೊಂದೇ. ವರ್ಚುವಲ್ ಮಷೀನನ್ನು ಬೇರೆಡೆಗೆ ಒಯ್ಯುವ ಮುನ್ನ ಪೂರ್ತಿ ಶಟ್‌ಡೌನ್ ಮಾಡಬೇಕು.

ಆ ಡೆಸ್ಕ್‌ಟಾಪ್ ಉಸಿರಾಡುತ್ತಿರುವಾಗಲೇ ಹಳೆಯ ಕಾರ್ಡುಗಳನ್ನು ಪಿಡಿಎಫ್ ಮಾಡಿ, ಪಠ್ಯವನ್ನು ನುಡಿಯ ಹಳೆಯ ಆಸ್ಕಿ ರೂಪದಿಂದ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಪರಿವರ್ತಕ ಸಾಫ್ಟ್‌ವೇರುಗಳು ಪುಕ್ಕಟೆ ಸಿಗುತ್ತವೆ. ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದುವುದು ಮನುಷ್ಯರ ಕೆಲಸ. ಯೂನಿಕೋಡಿಗೆ ಬಂದ ಕನ್ನಡ ಕೆಳಗಿರುವ ಪ್ರೊಸೆಸರ್ ಯಾವುದೆಂದು ಕೇಳುವುದಿಲ್ಲ. ಸುಖಾಗಮನ ಬಯಸುವವರ ಪಟ್ಟಿಯನ್ನು ಇದೇ ನೆಪದಲ್ಲಿ ಒಮ್ಮೆ ಪರಿಷ್ಕರಿಸಿಕೊಳ್ಳಬಹುದು.

9. ದರಪಟ್ಟಿ

ಸಂದೇಶವನ್ನು ತಾವೇ ಪೂರ್ತಿ ಓದಿಕೊಂಡು ಬಂದವರಿಗೆ: ಉಚಿತ. ಈ ಸೌಲಭ್ಯವನ್ನು ಇದುವರೆಗೆ ಯಾರೂ ಪಡೆದಿಲ್ಲ.

ಸಂದೇಶದ ಫೋಟೊ ತೆಗೆದು ತಂದವರಿಗೆ: ಒಂದು ಚಹಾ. ಫೋಟೊದಲ್ಲಿ ಸ್ಕ್ರೀನಿಗಿಂತ ಅವರ ಮುಖವೇ ಹೆಚ್ಚು ಕಂಡರೆ: ಎರಡು ಚಹಾ.

ಓಕೆ ಒತ್ತಿ ಮುಚ್ಚಿ, “ಏನೋ ಇಂಗ್ಲಿಷಿನ್ಯಾಗ ಬಂದಿತ್ರಿ” ಎನ್ನುವವರಿಗೆ: ಚಹಾ ಮತ್ತು ಒಂದು ಪ್ಲೇಟ್ ಮಿರ್ಚಿ ಭಜಿ.

ಫಾರ್ಮ್ಯಾಟ್ ಹೊಡೆದು ಬಂದವರಿಗೆ: ಶುಲ್ಕವಿಲ್ಲ. ಭಜಿ ನಾನೇ ಕೊಡಿಸುತ್ತೇನೆ.

ಆಗದ ಕೆಲಸವನ್ನು ಮೊದಲ ದಿನವೇ, ಕಾರಣ ಸಮೇತ, ಒಂದೇ ಸಾಲಿನಲ್ಲಿ ಆಗುವುದಿಲ್ಲ ಎಂದು ಬರೆದುಕೊಡುವುದು ಹೇಗೆ ಎಂದು ಕಲಿಯಬಯಸುವ ಕಚೇರಿಗಳಿಗೆ: ತರಬೇತಿ ಸಂಪೂರ್ಣ ಉಚಿತ. ಈ ಬಗ್ಗೆ ಪ್ರಸ್ತಾವನೆ ಕಳಿಸಿದ್ದೇನೆ. ಸೋಮವಾರ ಬರಲು ಹೇಳಿದ್ದಾರೆ.